ಆಯೋಗದ ಕುರ್ಚಿ: ಆರಿಸುವವರು ಯಾರು, ಪಟ್ಟಿ ಮಾಡುವವರು ಯಾರು?

ಅರ್ಜಿದಾರ:

ಕೆಲವು ವರ್ಷಗಳ ಹಿಂದೆ ಒಂದು ಮಾಹಿತಿ ಆಯೋಗದ ಆಯುಕ್ತರ ಹುದ್ದೆಗೆ ಅರ್ಜಿ ಹಾಕಿದ್ದೆ. ನಗಬೇಡಿ. ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತು, ಅರ್ಹತೆ ಓದಿದೆ, ನನಗೂ ಇದೆ ಅನ್ನಿಸಿತು. ಸಾರ್ವಜನಿಕ ಜೀವನದಲ್ಲಿ ಹೆಸರಿರಬೇಕು, ಜೊತೆಗೆ ಕಾನೂನು, ವಿಜ್ಞಾನ, ಸಮಾಜಸೇವೆ, ಪತ್ರಿಕೋದ್ಯಮ, ಆಡಳಿತ ಇಂಥ ಯಾವುದಾದರೂ ಕ್ಷೇತ್ರದಲ್ಲಿ ಒಳ್ಳೆಯ ತಿಳಿವಳಿಕೆ ಇರಬೇಕು ಅನ್ನುತ್ತದೆ 2005ರ ಮಾಹಿತಿ ಹಕ್ಕು ಕಾಯ್ದೆ. ನಾನು ಇಪ್ಪತ್ತಾರು ವರ್ಷ ಕಾನೂನು ಪಾಠ ಮಾಡಿದವನು. ಇದೇ ಕಾಯ್ದೆಯ ಬಗ್ಗೆ ನೂರಾರು ಜನರಿಗೆ ತರಬೇತಿ ಕೊಟ್ಟವನು.

ಅರ್ಜಿ ತಲುಪಿತು ಅಂತ ಒಂದು ಹಿಂಬರಹ ಕೂಡ ಬರಲಿಲ್ಲ. ವರ್ಷ ಕಳೆದ ಮೇಲೆ ಆಯ್ಕೆಯಾದವರ ಹೆಸರನ್ನು ಪೇಪರ್‌ನಲ್ಲಿ ಓದಿದೆ. ಸರಿ, ಅದೇ ಕಾಯ್ದೆ ಹಿಡಿದು ಆಯ್ಕೆಯ ಕಾಗದಪತ್ರ ಕೇಳಿದೆ. ಮೊದಲು ಕೊಡಲ್ಲ ಅಂದರು, ಮೇಲ್ಮನವಿ ಹಾಕಿದ ಮೇಲೆ ಕೊಟ್ಟರು. ಮೂವತ್ತೊಂದು ಹಾಳೆ. ಬಂದ ಅರ್ಜಿಗಳದ್ದೆಲ್ಲ ಒಂದು ಕೋಷ್ಟಕ. ಕ್ರಮಸಂಖ್ಯೆ, ಹೆಸರು, ವಯಸ್ಸು, ಸಂಕ್ಷಿಪ್ತ ವಿವರ. ನನ್ನ ಹೆಸರಿನ ಮುಂದಿದ್ದ ವಿವರ ಇಷ್ಟು: "ನಿವೃತ್ತ ಉಪನ್ಯಾಸಕ." ಆಯ್ಕೆಯಾದವರಲ್ಲಿ ಒಬ್ಬರ ವಿವರ ಅರ್ಧ ಪುಟ.

ಕೊನೆಯ ಹಾಳೆ ಸಭಾ ನಡಾವಳಿ. "ಸಮಿತಿಯು ಎಲ್ಲ ಹೆಸರುಗಳನ್ನು ಪರಿಶೀಲಿಸಿ ಈ ಕೆಳಕಂಡವರನ್ನು ಆಯ್ಕೆ ಮಾಡಲು ತೀರ್ಮಾನಿಸಿತು." ಯಾಕೆ ಅವರು, ಯಾಕೆ ಬೇರೆಯವರಲ್ಲ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಅವರು ನನಗಿಂತ ಯೋಗ್ಯರೇ ಇರಬಹುದು, ಆ ಮಾತು ಬೇರೆ. ನನ್ನ ಪ್ರಶ್ನೆ ಸರಳ. ಸರ್ಕಾರದ ಮೇಲೆ ಕಣ್ಣಿಡಬೇಕಾದ ಆಯೋಗಗಳಿಗೆ ಜನರನ್ನು ಯಾರು, ಹೇಗೆ ಆರಿಸಬೇಕು?

ಕಡ್ಡಿಪುಡಿ:

ಇದಕ್ಕೆ ಇಷ್ಟೊಂದು ಯೋಚನೆ ಯಾಕೆ ಸರ್? ರಾಜಕಾರಣಿಗಳ ಕೈಯಿಂದ ತೆಗೆದು ನ್ಯಾಯಾಧೀಶರ ಕೈಗೆ ಕೊಡಿ, ಮುಗೀತು. ಈಗ ನಡೀತಿರೋದು ಗಂಟೆ ಕಟ್ಟುವ ಕೆಲಸವನ್ನು ಬೆಕ್ಕಿಗೇ ಗುತ್ತಿಗೆ ಕೊಟ್ಟ ಹಾಗಿದೆ. ಚುನಾವಣಾ ಆಯೋಗದ ವಿಷಯದಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತ್ತಲ್ಲ.

ಮೂರನೇ ಬೆಂಚು:

ಹೇಳಿತ್ತು, ಆದರೆ ಪೂರ್ತಿ ಓದಿ. ಸಂವಿಧಾನದ 324ನೇ ವಿಧಿ ಏನನ್ನುತ್ತದೆ? ಚುನಾವಣಾ ಆಯುಕ್ತರನ್ನು ರಾಷ್ಟ್ರಪತಿ ನೇಮಿಸುತ್ತಾರೆ, ಸಂಸತ್ತು ಕಾನೂನು ಮಾಡಿದರೆ ಅದಕ್ಕೆ ಒಳಪಟ್ಟು. ಎಪ್ಪತ್ತು ವರ್ಷ ದಾಟಿದರೂ ಯಾವ ಸರ್ಕಾರವೂ ಆ ಕಾನೂನು ಮಾಡಲಿಲ್ಲ. ಮಾಡದಿದ್ದರೇ ಅನುಕೂಲ, ಅಲ್ವಾ? 2023ರ ಮಾರ್ಚ್ 2ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಖಾಲಿ ಜಾಗ ತುಂಬಿತು. ಪ್ರಧಾನಿ, ವಿರೋಧ ಪಕ್ಷದ ನಾಯಕ, ಮುಖ್ಯ ನ್ಯಾಯಮೂರ್ತಿ ಸೇರಿ ಹೆಸರು ಸೂಚಿಸಲಿ, ಸಂಸತ್ತು ಕಾನೂನು ಮಾಡುವವರೆಗೆ ಮಾತ್ರ. ಅದೇ ವರ್ಷ ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನು ಮಾಡಿತು. ಮುಖ್ಯ ನ್ಯಾಯಮೂರ್ತಿಯ ಜಾಗಕ್ಕೆ ಪ್ರಧಾನಿ ಸೂಚಿಸುವ ಒಬ್ಬ ಕೇಂದ್ರ ಮಂತ್ರಿ ಬಂದರು. ಮೂರರಲ್ಲಿ ಎರಡು ಮತ ಸಭೆಗೆ ಮುಂಚೆಯೇ ಒಂದು ಕಡೆ.

ಹಾಗಂತ ಇದು ಯಾವುದೋ ಒಂದು ಪಕ್ಷದ ಚಾಳಿ ಅಂದುಕೊಳ್ಳಬೇಡಿ. ಮಾಹಿತಿ ಆಯುಕ್ತರ ಆಯ್ಕೆಗೆ 2005ರ ಕಾಯ್ದೆಯಲ್ಲೇ ಇದೇ ಲೆಕ್ಕ ಇದೆ: ಪ್ರಧಾನಿ, ವಿರೋಧ ಪಕ್ಷದ ನಾಯಕ, ಪ್ರಧಾನಿ ಹೇಳಿದ ಮಂತ್ರಿ. ರಾಜ್ಯಗಳಲ್ಲಿ ಪ್ರಧಾನಿ ಬದಲು ಮುಖ್ಯಮಂತ್ರಿ. ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಕೇಂದ್ರ ಜಾಗೃತ ಆಯೋಗಕ್ಕೆ 2003ರ ಕಾಯ್ದೆ: ಪ್ರಧಾನಿ, ಗೃಹ ಮಂತ್ರಿ, ವಿರೋಧ ಪಕ್ಷದ ನಾಯಕ. ಆಗ ಇದೆಲ್ಲ ನಮ್ಮ ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ನ್ಯಾಯಾಧೀಶರು ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವುದೂ ನನಗೆ ಒಪ್ಪಿಗೆಯಿಲ್ಲ. ನಾಳೆ ಆ ನೇಮಕವನ್ನು ಪ್ರಶ್ನಿಸಿ ಕೇಸು ಬಂದರೆ ಬರುವುದು ಅವರ ಕೋರ್ಟಿಗೇ. ಸಿಬಿಐ ನಿರ್ದೇಶಕರ ಆಯ್ಕೆ ಸಮಿತಿಯಲ್ಲಿ ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಸೂಚಿಸಿದ ನ್ಯಾಯಮೂರ್ತಿ ಇರುತ್ತಾರೆ. ಸಿಬಿಐ ಬಗ್ಗೆ ದೂರು ನಿಂತಿದೆಯಾ?

ಹಳೆ ಫೈಲು:

ಅರ್ಜಿದಾರರೇ, ಆ ಕೋಷ್ಟಕ ಮಾಡಿದವನು ನಾನು. ನಿಮ್ಮದಲ್ಲ, ಅಂಥದ್ದೇ ಇನ್ನೊಂದು. ನಿವೃತ್ತನಾಗಿದ್ದೇನೆ, ಹಾಗಾಗಿ ಹೇಳಬಹುದು.

ಟಪ್ಪಾಲಿನಲ್ಲಿ ಬಂದ ಕವರ್‌ಗಳು ಕೇಸ್ ವರ್ಕರ್ ಮೇಜಿನ ಮೇಲೆ ಬೀಳುತ್ತವೆ. ಕೆಲವರ ಬಯೋಡೇಟಾ ನಲವತ್ತು ಪುಟ. ಸನ್ಮಾನದ ಫೋಟೋ, ಪೇಪರ್ ಕಟಿಂಗ್, ಎಲ್ಲ ಇರುತ್ತದೆ. ಅಷ್ಟನ್ನೂ ಒಂದು ಕಾಲಂಗೆ ಇಳಿಸಬೇಕು. ಕಾಲಂ ಅಗಲ ಎರಡು ಬೆರಳು. ನಾಳೆ ಬೆಳಿಗ್ಗೆ ಸಾಹೇಬರ ಮೇಜಿಗೆ ಹೋಗಬೇಕು ಅಂತ ಸಂಜೆ ಹೇಳುತ್ತಾರೆ. ಕೇಸ್ ವರ್ಕರ್ ಏನು ಮಾಡುತ್ತಾರೆ? ಮೊದಲ ಪುಟದ ಮೊದಲ ಸಾಲು ನೋಡಿ ಟೈಪ್ ಮಾಡುತ್ತಾರೆ. ನಿವೃತ್ತ ಉಪನ್ಯಾಸಕ. ವಕೀಲ. ಸಮಾಜ ಸೇವಕಿ.

ಇನ್ನು ಕೆಲವು ಹೆಸರು ಟಪ್ಪಾಲಿನಲ್ಲಿ ಬರುವುದಿಲ್ಲ. ಮೇಲಿನಿಂದ ಬರುತ್ತವೆ. ಅವುಗಳ ಜೊತೆ ಟೈಪ್ ಮಾಡಿದ ಪ್ಯಾರಾ ರೆಡಿ ಇರುತ್ತದೆ. ನಾವು ಅದನ್ನು ಹಾಗೇ ಅಂಟಿಸುತ್ತೇವೆ. ನೀವು ನೋಡಿದ ಅರ್ಧ ಪುಟ ಅದೇ ಇರಬೇಕು.

ಇಡೀ ಸರ್ವಿಸ್‌ನಲ್ಲಿ ಒಬ್ಬರೂ ನನಗೆ "ಇವರನ್ನು ಬೀಳಿಸು" ಅನ್ನಲಿಲ್ಲ. ಅನ್ನುವ ಅಗತ್ಯವೇ ಇರಲಿಲ್ಲ. ಆ ಕೆಲಸವನ್ನು ಕಾಲಂ ಮಾಡುತ್ತಿತ್ತು.

ಅದಕ್ಕೇ ಹೇಳುತ್ತೇನೆ, ಮೂರು ಕುರ್ಚಿಯ ಮೇಲೆ ಯಾರು ಕೂತರು ಅಂತ ಎಲ್ಲರೂ ಬಡಿದಾಡುತ್ತಾರೆ. ಅವರ ಮುಂದೆ ಬಂದ ಪಟ್ಟಿ ಯಾರು ಮಾಡಿದರು ಅಂತ ಯಾರೂ ಕೇಳುವುದಿಲ್ಲ. 2024ರ ಮಾರ್ಚ್ 14 ನೆನಪಿದೆಯಾ? ಇಬ್ಬರು ಚುನಾವಣಾ ಆಯುಕ್ತರನ್ನು ಆರಿಸುವ ಸಭೆ. ವಿರೋಧ ಪಕ್ಷದ ಕಡೆಯಿಂದ ಕೂತಿದ್ದ ಅಧೀರ್ ರಂಜನ್ ಚೌಧರಿ ಹೊರಗೆ ಬಂದು ಹೇಳಿದ್ದು: ಹಿಂದಿನ ರಾತ್ರಿ 212 ಹೆಸರಿನ ಪಟ್ಟಿ ಕೊಟ್ಟರು, ಅದರಿಂದ ಆಯ್ದ ಆರು ಹೆಸರು ಸಭೆಗೆ ಹತ್ತು ನಿಮಿಷ ಮುಂಚೆ ಕೈಗೆ ಬಂತು. ಆ ಜಾಗದಲ್ಲಿ ಮುಖ್ಯ ನ್ಯಾಯಮೂರ್ತಿ ಕೂತಿದ್ದರೂ ಗಡಿಯಾರ ಅದೇ ತಾನೆ?

ಕಡ್ಡಿಪುಡಿ:

ಲೆಕ್ಕ ಹಾಕಿದೆ. ಒಂದು ಹೆಸರಿಗೆ ಎರಡು ನಿಮಿಷ ಕೊಟ್ಟರೆ 212 ಹೆಸರಿಗೆ ಏಳು ಗಂಟೆ ನಾಲ್ಕು ನಿಮಿಷ. ಊಟ ನಿದ್ದೆ ಬಿಟ್ಟರೆ ಸಾಧ್ಯ.

ಆ ಆರು ಹೆಸರು ಮಾಡಿದ್ದು ಯಾರು ಮತ್ತೆ?

ಮೂರನೇ ಬೆಂಚು:

ಶೋಧನಾ ಸಮಿತಿ. 2023ರ ಕಾನೂನಿನ ಪ್ರಕಾರ ಕಾನೂನು ಮಂತ್ರಿ ಅಧ್ಯಕ್ಷರು, ಜೊತೆಗೆ ಕಾರ್ಯದರ್ಶಿ ದರ್ಜೆಯ ಇಬ್ಬರು. ಕಾನೂನಿನಲ್ಲಿರುವುದು ಐದು ಹೆಸರಿನ ಪಟ್ಟಿ, ಆ ಸಲ ಬಂದದ್ದು ಆರು. ಆಯ್ಕೆ ಸಮಿತಿ ಬೇಕಾದರೆ ಪಟ್ಟಿಯ ಹೊರಗಿನವರನ್ನೂ ನೋಡಬಹುದು. ಆದರೆ ಹಳೆ ಫೈಲು ಹೇಳಿದ ಗಡಿಯಾರದಲ್ಲಿ ಹೊರಗಿನವರನ್ನು ಹುಡುಕಲು ಯಾರಿಗೆ ಪುರುಸೊತ್ತು?

ಗಡಿಯಾರದ ಮಾತು ಬಂತಲ್ಲ, ಇನ್ನೊಂದು ಕೇಳಿ. 2022ರಲ್ಲಿ ಒಂದು ಚುನಾವಣಾ ಆಯುಕ್ತರ ಸ್ಥಾನ ಮೇ ತಿಂಗಳಿಂದ ಖಾಲಿ ಇತ್ತು. ಆರು ತಿಂಗಳು ಯಾರಿಗೂ ಅವಸರ ಇರಲಿಲ್ಲ. ನವೆಂಬರ್‌ನಲ್ಲಿ ಒಬ್ಬ ಅಧಿಕಾರಿ ಸ್ವಯಂನಿವೃತ್ತಿ ತಗೊಂಡರು, ಒಂದೇ ದಿನದೊಳಗೆ ಫೈಲು ಎಲ್ಲ ಮೇಜು ದಾಟಿ ನೇಮಕವೂ ಆಯಿತು. ಮಿಂಚಿನ ವೇಗ ಅಂತ ಸುಪ್ರೀಂ ಕೋರ್ಟೇ ಅಂದಿತು. ನಮ್ಮ ನಿಮ್ಮ ಫೈಲು ಯಾವತ್ತಾದರೂ ಆ ವೇಗದಲ್ಲಿ ಓಡಿದೆಯಾ?

ಸಂಜೆಗಾಳಿ:

ತಡವಾಗಿ ಬಂದೆ, ಕ್ಷಮಿಸಿ. ಹೊರಗಿನ ಒಂದೆರಡು ಉದಾಹರಣೆ ಇಡಬಹುದಾ?

ದಕ್ಷಿಣ ಆಫ್ರಿಕಾದಲ್ಲಿ ಚುನಾವಣಾ ಆಯೋಗಕ್ಕೆ ಹೆಸರು ಸೂಚಿಸುವ ಸಮಿತಿಗೆ ಸಾಂವಿಧಾನಿಕ ನ್ಯಾಯಾಲಯದ ಮುಖ್ಯಸ್ಥರು ಅಧ್ಯಕ್ಷರು. ಜೊತೆಗೆ ಮಾನವ ಹಕ್ಕು ಆಯೋಗದ ಒಬ್ಬರು, ಲಿಂಗ ಸಮಾನತೆ ಆಯೋಗದ ಒಬ್ಬರು, ಮತ್ತೆ ಪಬ್ಲಿಕ್ ಪ್ರೊಟೆಕ್ಟರ್, ಅಂದರೆ ನಮ್ಮ ಲೋಕಾಯುಕ್ತದ ತರಹದ ಹುದ್ದೆ. ಮಂತ್ರಿಗಳು ಯಾರೂ ಇಲ್ಲ. ಅವರು ಕನಿಷ್ಠ ಎಂಟು ಹೆಸರು ಕೊಡಬೇಕು. ಅದು ಎಲ್ಲ ಪಕ್ಷಗಳೂ ಬಲಕ್ಕೆ ತಕ್ಕಂತೆ ಇರುವ ಸಂಸದೀಯ ಸಮಿತಿಗೆ ಹೋಗುತ್ತದೆ, ಆಮೇಲೆ ಸದನದ ಮತಕ್ಕೆ. ಸಂದರ್ಶನ ಬಹಿರಂಗ. ಅಂದರೆ ಹಳೆ ಫೈಲು ಕೇಳುವ ಪ್ರಶ್ನೆಗೆ, ಪಟ್ಟಿ ಯಾರು ಮಾಡಿದರು ಅನ್ನುವುದಕ್ಕೆ, ಅಲ್ಲಿ ಕಾನೂನಿನಲ್ಲೇ ಉತ್ತರ ಇದೆ.

ಬ್ರಿಟನ್‌ನಲ್ಲಿ ಕೊನೆಯ ಆಯ್ಕೆ ಮಂತ್ರಿಯದೇ. ಆದರೆ 1995ರಿಂದ ಅಲ್ಲಿ ಸಾರ್ವಜನಿಕ ನೇಮಕಗಳ ಮೇಲೆ ಕಣ್ಣಿಡಲು ಪ್ರತ್ಯೇಕ ಕಮಿಷನರ್ ಇದ್ದಾರೆ. ಹುದ್ದೆಗೆ ಜಾಹೀರಾತು ಕೊಡಬೇಕು, ಒಂದು ತಂಡ ಸಂದರ್ಶನ ಮಾಡಿ ಯಾರು ಯೋಗ್ಯರು ಅಂತ ಮಂತ್ರಿಗೆ ಹೇಳಬೇಕು. ದೊಡ್ಡ ಹುದ್ದೆಗಳಾದರೆ ಸಂಸತ್ತಿನ ಸಮಿತಿ ಕರೆಸಿ ಪ್ರಶ್ನೆ ಕೇಳುತ್ತದೆ. ಬೇಡ ಅಂತ ಹೇಳಿದರೂ ಮಂತ್ರಿ ಕೇಳಲೇಬೇಕು ಅಂತಿಲ್ಲ. ಆದರೆ ಕೇಳಲಿಲ್ಲ ಅನ್ನುವುದು ಜನಕ್ಕೆ ಗೊತ್ತಾಗುತ್ತದೆ.

ಕಡ್ಡಿಪುಡಿ:

ಬಹಿರಂಗ ಸಂದರ್ಶನ ಅಂದರೆ ಮರ್ಯಾದಸ್ಥರು ಯಾರು ಬರುತ್ತಾರೆ ಮೇಡಂ? ಮೂವತ್ತು ವರ್ಷ ಹೆಸರು ಗಳಿಸಿದವರು ಟಿವಿ ಮುಂದೆ ಕೂತು ಬೈಸಿಕೊಳ್ಳಬೇಕಾ? ಬರುವವರು ದಪ್ಪ ಚರ್ಮದವರು ಮಾತ್ರ. ಅದೂ ಅಲ್ಲದೆ, ದಕ್ಷಿಣ ಆಫ್ರಿಕಾದ ಪಬ್ಲಿಕ್ ಪ್ರೊಟೆಕ್ಟರ್ ಕತೆ ಏನಾಯಿತು? 2016ರಲ್ಲಿ ಸಂದರ್ಶನವನ್ನು ಟಿವಿಯಲ್ಲೇ ತೋರಿಸಿ ಬುಸಿಸಿವೆ ಮಖ್ವೆಬಾನೆಯವರನ್ನು ಆರಿಸಿದರು. 2023ರಲ್ಲಿ ಅದೇ ಸಂಸತ್ತು ಅವರನ್ನು ಹುದ್ದೆಯಿಂದ ತೆಗೆಯಿತು. ಟಿವಿ ಏನು ಉಪಯೋಗಕ್ಕೆ ಬಂತು?

ಸಂಜೆಗಾಳಿ:

ಎರಡನೇ ಮಾತು ಒಪ್ಪಿದೆ. ಬಹಿರಂಗ ಅಂದ ಮಾತ್ರಕ್ಕೆ ಒಳ್ಳೆಯವರೇ ಬರುತ್ತಾರೆ ಅಂತ ಗ್ಯಾರಂಟಿ ಇಲ್ಲ. ಆದರೆ ತೆಗೆದದ್ದೂ ಬಹಿರಂಗವಾಗಿಯೇ, ತಿಂಗಳುಗಟ್ಟಲೆ ವಿಚಾರಣೆ ನಡೆಸಿ. ಆರಿಸುವಾಗ ಯಾವ ಪಕ್ಷ ಬೇಡ ಅಂದಿತ್ತು ಅನ್ನುವುದೂ ದಾಖಲೆಯಲ್ಲಿತ್ತು.

ಮೊದಲನೆಯದನ್ನು ಒಪ್ಪಲ್ಲ. ನಾಳೆ ಮಂತ್ರಿಯ ಕಡತವನ್ನೇ ತರಿಸಿ ಪ್ರಶ್ನೆ ಕೇಳಬೇಕಾದವರು ಇವತ್ತು ತಾವು ನಾಲ್ಕು ಪ್ರಶ್ನೆಗೆ ಉತ್ತರ ಕೊಡಲು ಮುಜುಗರಪಟ್ಟರೆ ಹೇಗೆ?

ಅರ್ಜಿದಾರ:

ನಾನು ಬರುತ್ತಿದ್ದೆ. ಬೈಸಿಕೊಳ್ಳಲೂ ರೆಡಿ ಇದ್ದೆ. ಯಾರೂ ಕರೆಯಲಿಲ್ಲ.

ಮೂರನೇ ಬೆಂಚು:

ಭಿನ್ನಮತದ ಬಗ್ಗೆ ಒಂದು ಮಾತು ಸೇರಿಸಬೇಕು, ನನಗೆ ಇದೇ ಮುಖ್ಯ. 2010ರಲ್ಲಿ ಪಿ.ಜೆ. ಥಾಮಸ್ ಅವರನ್ನು ಕೇಂದ್ರ ಜಾಗೃತ ಆಯುಕ್ತರಾಗಿ ಆರಿಸಿದಾಗ ಸಮಿತಿಯಲ್ಲಿದ್ದ ವಿರೋಧ ಪಕ್ಷದ ನಾಯಕಿ ಸುಷ್ಮಾ ಸ್ವರಾಜ್ ಒಪ್ಪಲಿಲ್ಲ. ಕೇರಳದ ಪಾಮೋಲಿನ್ ಎಣ್ಣೆ ಆಮದಿನ ಭ್ರಷ್ಟಾಚಾರ ಪ್ರಕರಣದಲ್ಲಿ ಥಾಮಸ್ ಹೆಸರು ಇತ್ತು. ಇಬ್ಬರು ಒಪ್ಪಿದರು, ಒಬ್ಬರು ಬೇಡ ಅಂದರು, ನೇಮಕ ಆಯಿತು. 2011ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆ ತೀರ್ಪಿನಲ್ಲಿ ಎರಡು ಒಳ್ಳೆಯ ಮಾತಿದೆ. ಒಂದು, ಆ ಮನುಷ್ಯ ಪ್ರಾಮಾಣಿಕನೇ ಅನ್ನುವುದಷ್ಟೇ ಪ್ರಶ್ನೆಯಲ್ಲ, ಅವರು ಕೂತರೆ ಸಂಸ್ಥೆಯ ನಂಬಿಕೆ ಉಳಿಯುತ್ತದಾ ಅಂತ ನೋಡಬೇಕು. ಎರಡು, ಒಪ್ಪದವರು ಯಾಕೆ ಒಪ್ಪಲ್ಲ ಅಂತ ಬರೆಯಬೇಕು, ಅದನ್ನು ತಳ್ಳಿಹಾಕುವವರು ಯಾಕೆ ತಳ್ಳಿಹಾಕಿದೆವು ಅಂತ ಬರೆಯಬೇಕು.

ಎರಡು ಕಡೆಯೂ ಬರೆಯಬೇಕು! ಬಾಯಿಮಾತು ನಡೆಯಲ್ಲ. ಮೂವರಲ್ಲಿ ಇಬ್ಬರು ಒಂದೇ ಪಕ್ಷದವರಿದ್ದರೂ ಕಾರಣ ಬರೆದು ಸಹಿ ಹಾಕಬೇಕು ಅಂದಾಗ ಪೆನ್ನು ಸ್ವಲ್ಪ ತಡವರಿಸುತ್ತದೆ. ಅರ್ಜಿದಾರರಿಗೆ ಸಿಕ್ಕ "ಪರಿಶೀಲಿಸಿ ತೀರ್ಮಾನಿಸಿತು" ಅನ್ನುವ ನಡಾವಳಿಯಲ್ಲಿ ಇಲ್ಲದ್ದು ಇದೇ.

ಕರ್ನಾಟಕದ್ದೇ ಒಂದು ಉದಾಹರಣೆ ಇದೆ. ಇಲ್ಲಿನ ಲೋಕಾಯುಕ್ತ ಕಾಯ್ದೆ 1984ರದ್ದು. ಹೆಸರು ಸೂಚಿಸುವ ಮುಂಚೆ ಮುಖ್ಯಮಂತ್ರಿ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ಎರಡೂ ಸದನಗಳ ಸಭಾಧ್ಯಕ್ಷರು, ಎರಡೂ ಸದನಗಳ ವಿರೋಧ ಪಕ್ಷದ ನಾಯಕರ ಜೊತೆ ಸಮಾಲೋಚನೆ ಮಾಡಬೇಕು. ಒಬ್ಬ ಉಪಲೋಕಾಯುಕ್ತರ ನೇಮಕದಲ್ಲಿ ಮುಖ್ಯ ನ್ಯಾಯಮೂರ್ತಿಯನ್ನು ಕೇಳಲೇ ಇಲ್ಲ ಅಂತ ತಕರಾರು ಬಂತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಮುಖ್ಯ ನ್ಯಾಯಮೂರ್ತಿಯ ಮಾತೇ ಅಂತಿಮ ಅಲ್ಲ, ಆದರೆ ಕೇಳುವುದು ಕಡ್ಡಾಯ. ನೇಮಕ ರದ್ದಾಯಿತು.

ಗಾಳಿಪಟ:

ನೀವೆಲ್ಲ ಸೀರಿಯಸ್ಸಾಗಿ ಮಾತಾಡ್ತಿದ್ದೀರಿ, ನಾನೊಂದು ತಲೆಹರಟೆ ಸಲಹೆ ಕೊಡಲಾ? ಚೀಟಿ ಎತ್ತಿ.

ಕಡ್ಡಿಪುಡಿ:

ಲಾಟರಿಯಾ? ಸುಮ್ನೆ ಇರಪ್ಪ.

ಗಾಳಿಪಟ:

ಸುಮ್ನೆ ಅಲ್ಲ ಅಣ್ಣ, ನಡೆದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಷೇತ್ರಗಳ ಗಡಿ ಎಳೆಯುವ ಕೆಲಸವನ್ನು ಶಾಸಕರ ಕೈಯಿಂದ ತೆಗೆಯಬೇಕು ಅಂತ 2008ರಲ್ಲಿ ಜನರೇ ಮತ ಹಾಕಿದರು. ಆಯೋಗದಲ್ಲಿ 14 ಜನ. ಅರ್ಹತೆಯಿರುವ ಸಾಮಾನ್ಯ ಮತದಾರರೂ ಅರ್ಜಿ ಹಾಕಬಹುದು. ಲೆಕ್ಕ ಪರಿಶೋಧಕರು ಜರಡಿ ಹಿಡಿದು 60 ಯೋಗ್ಯರನ್ನು ಉಳಿಸುತ್ತಾರೆ. ಎರಡು ದೊಡ್ಡ ಪಕ್ಷಗಳ ಕಡೆಯವರು 20-20, ಎರಡೂ ಅಲ್ಲದವರು 20. ಸದನದ ನಾಯಕರು ಅದರಲ್ಲಿ 24 ಹೆಸರನ್ನು ಹೊಡೆದುಹಾಕಬಹುದು. ಗಮನಿಸಿ, ಹೊಡೆದುಹಾಕಬಹುದು ಅಷ್ಟೇ, ಒಂದನ್ನೂ ಸೇರಿಸುವ ಹಾಗಿಲ್ಲ. ಉಳಿದವರಲ್ಲಿ ಚೀಟಿ ಎತ್ತಿ ಎಂಟು ಜನ. ಆ ಎಂಟು ಜನ ಕೂತು ಇನ್ನು ಆರು ಜನರನ್ನು ಆರಿಸುತ್ತಾರೆ.

ಮೆಕ್ಸಿಕೋದಲ್ಲಿ ಇನ್ನೊಂದು ತರಹ. ಅಲ್ಲಿನ ಚುನಾವಣಾ ಸಂಸ್ಥೆಗೆ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಮತ ಬೇಕು. ಪಕ್ಷಗಳು ಒಪ್ಪದಿದ್ದರೆ ಅಂತಿಮ ಪಟ್ಟಿಯಿಂದ ಚೀಟಿ. 2023ರಲ್ಲಿ ನಾಲ್ಕು ಸ್ಥಾನಗಳನ್ನು ಹಾಗೇ ತುಂಬಿದರು, ಅಧ್ಯಕ್ಷ ಸ್ಥಾನವೂ ಸೇರಿ.

ಹಳೆ ಫೈಲು:

ತಲೆಹರಟೆ ಅಲ್ಲ ಇದು. ಚೀಟಿ ಎತ್ತುವುದಾದರೆ ವಶೀಲಿ ಹಿಡಿದು ಏನು ಪ್ರಯೋಜನ? ಆದರೆ ನೋಡಿ, ಅಲ್ಲೂ ಮತ್ತೆ ಪಟ್ಟಿಗೇ ಬಂದೆವು. ಡಬ್ಬದೊಳಗೆ ಯಾವ ಚೀಟಿ ಹಾಕಿದ್ದಾರೆ ಅನ್ನುವುದೇ ಎಲ್ಲ. ಐದು ಚೀಟಿಯೂ ಒಂದೇ ಕಡೆಯವರದ್ದಾದರೆ ಕಣ್ಣು ಮುಚ್ಚಿ ಎತ್ತಿದರೇನು, ತೆರೆದು ಎತ್ತಿದರೇನು.

ಸಂಜೆಗಾಳಿ:

ಪಕ್ಷಗಳು ಒಪ್ಪದಿದ್ದರೆ ಅಂತ ಗಾಳಿಪಟ ಅಂದದ್ದು ನನಗೆ ತುಂಬಾ ಹಿಡಿಸಿತು. ಎಲ್ಲರೂ ಒಪ್ಪಬೇಕು ಅಂತ ನಿಯಮ ಮಾಡಿದರೆ ಚೆನ್ನಾಗಿ ಕೇಳಿಸುತ್ತದೆ. ಒಪ್ಪಂದ ಆಗದಿದ್ದರೆ? ಶ್ರೀಲಂಕಾ 2001ರಲ್ಲಿ 17ನೇ ತಿದ್ದುಪಡಿ ತಂದು ಸಂವಿಧಾನ ಮಂಡಳಿ ಮಾಡಿತು. ಆಯೋಗಗಳಿಗೆ ಅದರ ಶಿಫಾರಸಿಲ್ಲದೆ ಅಧ್ಯಕ್ಷರು ಯಾರನ್ನೂ ನೇಮಿಸುವಂತಿಲ್ಲ. ಒಳ್ಳೆಯದೇ. ಆದರೆ ಮೊದಲ ಮಂಡಳಿಯ ಅವಧಿ 2005ರಲ್ಲಿ ಮುಗಿದಾಗ ಸಣ್ಣ ಪಕ್ಷಗಳು ತಮ್ಮ ಪಾಲಿನ ಒಬ್ಬ ಸದಸ್ಯನ ಹೆಸರಿಗೆ ಒಪ್ಪಲೇ ಇಲ್ಲ. ಮಂಡಳಿ ರಚನೆಯೇ ಆಗಲಿಲ್ಲ, ಅಧ್ಯಕ್ಷರು ನೇರವಾಗಿ ನೇಮಕ ಶುರುಮಾಡಿದರು. 2010ರಲ್ಲಿ 18ನೇ ತಿದ್ದುಪಡಿ ಮಂಡಳಿಯನ್ನೇ ಕಿತ್ತುಹಾಕಿತು. 2015ರಲ್ಲಿ ವಾಪಸ್, 2020ರಲ್ಲಿ ಮತ್ತೆ ಹೋಯಿತು, 2022ರಲ್ಲಿ ಮತ್ತೆ ಬಂತು. ಬಾಡಿಗೆ ಮನೆಯ ಬೀಗದ ಹಾಗೆ, ಬಂದವರೆಲ್ಲ ಬದಲಾಯಿಸಿದರು.

ಕೀನ್ಯಾದ ಚುನಾವಣಾ ಆಯೋಗದಲ್ಲಿ 2023ರ ಜನವರಿಯಿಂದ 2025ರ ಜುಲೈವರೆಗೆ ಕೆಲಸ ನಡೆಸುವ ಒಬ್ಬ ಆಯುಕ್ತರೂ ಇರಲಿಲ್ಲ. ಸುಮಾರು ಎರಡೂವರೆ ವರ್ಷ. ಉಪಚುನಾವಣೆಗಳೆಲ್ಲ ಹಾಗೇ ನಿಂತವು. ಜಾರ್ಖಂಡ್‌ನಲ್ಲಿ 2020ರ ಮೇ ತಿಂಗಳಲ್ಲಿ ಖಾಲಿಯಾದ ಮಾಹಿತಿ ಆಯೋಗ ವರ್ಷಗಟ್ಟಲೆ ಖಾಲಿಯೇ ಇತ್ತು. ಕೆಟ್ಟವರನ್ನು ನೇಮಿಸುವುದಕ್ಕಿಂತ ಸುಲಭದ ದಾರಿ ಇದು. ಯಾರನ್ನೂ ನೇಮಿಸದಿರುವುದು.

ಅರ್ಜಿದಾರ:

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಮೇಲ್ಮನವಿಯೇ ಹದಿನಾಲ್ಕು ತಿಂಗಳು ಬಿದ್ದಿತ್ತು, ಕೇಳಲು ಆಯುಕ್ತರಿರಲಿಲ್ಲ. ಆಯುಕ್ತರ ನೇಮಕ ಹೇಗಾಯಿತು ಅಂತ ಕೇಳಿದ ಅರ್ಜಿ, ಆಯುಕ್ತರ ನೇಮಕ ಆಗಲಿಲ್ಲ ಅಂತ ಕಾಯುತ್ತಿತ್ತು.

ಮೂರನೇ ಬೆಂಚು:

2019ರ ಫೆಬ್ರುವರಿಯಲ್ಲಿ ಮಾಹಿತಿ ಹಕ್ಕು ಹೋರಾಟಗಾರ್ತಿ ಅಂಜಲಿ ಭಾರದ್ವಾಜ್ ಹಾಕಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೆಲ್ಲ ಹೇಳಿದೆ. ಸ್ಥಾನ ಖಾಲಿಯಾಗುವ ಒಂದೆರಡು ತಿಂಗಳು ಮುಂಚೆಯೇ ಪ್ರಕ್ರಿಯೆ ಶುರುಮಾಡಿ, ಶೋಧನಾ ಸಮಿತಿಯಲ್ಲಿ ಯಾರಿದ್ದಾರೆ, ಯಾವ ಮಾನದಂಡದಲ್ಲಿ ಆರಿಸುತ್ತೀರಿ ಅಂತ ವೆಬ್‌ಸೈಟಿನಲ್ಲಿ ಹಾಕಿ ಅಂತ. ಕಾಯ್ದೆ ಇಷ್ಟೊಂದು ಕ್ಷೇತ್ರ ಹೇಳಿದ್ದರೂ ಬರುವವರು ಹೆಚ್ಚುಕಮ್ಮಿ ಎಲ್ಲರೂ ನಿವೃತ್ತ ಅಧಿಕಾರಿಗಳೇ ಯಾಕೆ ಅಂತಲೂ ಕೇಳಿತು. ಅದಾದ ಐದಾರು ತಿಂಗಳಿಗೆ ಸಂಸತ್ತು ಮಾಹಿತಿ ಹಕ್ಕು ಕಾಯ್ದೆಗೆ ತಿದ್ದುಪಡಿ ತಂದಿತು. ಆಯುಕ್ತರ ಅವಧಿ, ಸಂಬಳ ಎರಡೂ ಕೇಂದ್ರ ಸರ್ಕಾರದ ಕೈಗೆ ಹೋಯಿತು. ಐದು ವರ್ಷ ಇದ್ದ ಅವಧಿ ಮೂರಾಯಿತು.

ಹಳೆ ಫೈಲು:

ನಿವೃತ್ತ ಅಧಿಕಾರಿಗಳ ಪರವಾಗಿ ಅರ್ಧ ಮಾತು. ಫೈಲಿನ ಎಷ್ಟನೇ ಪುಟದಲ್ಲಿ ಸುಳ್ಳು ಅಡಗಿದೆ ಅಂತ ನಮಗೆ ಬೇಗ ಗೊತ್ತಾಗುತ್ತದೆ. ಉಳಿದರ್ಧ ವಿರುದ್ಧವಾಗಿ. ಮಾಹಿತಿ ಕೇಳಿ ಬಂದವನು ನಮ್ಮ ಕಣ್ಣಿಗೆ ಮೊದಲು ಕಾಣುವುದು ತಲೆನೋವಾಗಿ. ಮೂವತ್ತು ವರ್ಷದ ಅಭ್ಯಾಸ, ಕುರ್ಚಿ ಬದಲಾದರೆ ಹೋಗಲ್ಲ. ಲೋಕಸೇವಾ ಆಯೋಗಗಳಿಗೆ ಸಂವಿಧಾನ ಹಾಕಿದ ಲೆಕ್ಕ ನನಗೆ ಸರಿ ಅನ್ನಿಸುತ್ತದೆ. ಸದಸ್ಯರಲ್ಲಿ ಸುಮಾರು ಅರ್ಧದಷ್ಟು ಜನ ಹತ್ತು ವರ್ಷವಾದರೂ ಸರ್ಕಾರಿ ಕೆಲಸ ಮಾಡಿದವರಿರಬೇಕು. ಉಳಿದ ಅರ್ಧಕ್ಕೆ ಹೊರಗಿನವರಿಗೂ ಜಾಗ ಇರುತ್ತದೆ.

ಕಡ್ಡಿಪುಡಿ:

ಹುದ್ದೆ ಮುಗಿದ ಮೇಲೆ? ಅದನ್ನು ಯಾರೂ ಎತ್ತಲಿಲ್ಲ. ಕುರ್ಚಿಯಲ್ಲಿದ್ದಾಗಲೇ ಮುಂದಿನ ಕುರ್ಚಿ ಕಾಣಿಸುತ್ತಿದ್ದರೆ ಹೇಗೆ ಆರಿಸಿದರೂ ಅಷ್ಟೇ.

ಮೂರನೇ ಬೆಂಚು:

ಸರಿಯಾದ ಜಾಗಕ್ಕೇ ಕಡ್ಡಿ ಆಡಿಸಿದ್ದೀರಿ. ಕೇಂದ್ರ ಲೋಕಸೇವಾ ಆಯೋಗದ ಅಧ್ಯಕ್ಷರು ಆಮೇಲೆ ಯಾವ ಸರ್ಕಾರಿ ಉದ್ಯೋಗವನ್ನೂ ಹಿಡಿಯುವಂತಿಲ್ಲ, 319ನೇ ವಿಧಿ. ಮುಖ್ಯ ಚುನಾವಣಾ ಆಯುಕ್ತರಿಗೆ ಅಂಥ ತಡೆ ಸಂವಿಧಾನದಲ್ಲಿಲ್ಲ. ಎಂ.ಎಸ್. ಗಿಲ್ 2001ರವರೆಗೆ ಮುಖ್ಯ ಚುನಾವಣಾ ಆಯುಕ್ತರು, 2004ರಲ್ಲಿ ಆಡಳಿತ ಪಕ್ಷದಿಂದ ರಾಜ್ಯಸಭೆಗೆ, 2008ರಲ್ಲಿ ಕೇಂದ್ರ ಮಂತ್ರಿ. ಕೀನ್ಯಾದಲ್ಲಿ ಆರು ವರ್ಷದ ಒಂದೇ ಅವಧಿ, ಮರುನೇಮಕ ಇಲ್ಲ. ನನಗೆ ಕೇಳಿದರೆ ಅದೂ ಬೇಕು, ಇದೂ ಬೇಕು.

ಗಾಳಿಪಟ:

ಅರ್ಜಿದಾರ ಸರ್, ಒಂದು ಪ್ರಶ್ನೆ. ಮತ್ತೆ ಪ್ರಕಟಣೆ ಬಂದರೆ ಅರ್ಜಿ ಹಾಕುತ್ತೀರಾ?

ಅರ್ಜಿದಾರ:

ಬಂದಿದೆ. ಬೇರೆ ಆಯೋಗ. ನಿನ್ನೆ ರಾತ್ರಿ ಹಳೆ ಫೈಲು ಬರೆದದ್ದನ್ನು ಎರಡು ಸಲ ಓದಿ, ಬಯೋಡೇಟಾದ ಮೇಲೆ ಇನ್ನೊಂದು ಹಾಳೆ ಲಗತ್ತಿಸಿದ್ದೇನೆ. ತಲೆಬರಹ: "ಸಂಕ್ಷಿಪ್ತ ವಿವರ, ಕೋಷ್ಟಕಕ್ಕಾಗಿ." ಕೇಸ್ ವರ್ಕರ್‌ಗೆ ಹಾಗೇ ಟೈಪ್ ಮಾಡಲು ಅನುಕೂಲ ಆಗಲಿ ಅಂತ. ಹನ್ನೊಂದು ಸಾಲಾಗಿದೆ.

ಹಳೆ ಫೈಲು:

ಜಾಸ್ತಿಯಾಯಿತು. ನಾಲ್ಕಕ್ಕೆ ಇಳಿಸಿ. ಮೊದಲ ಸಾಲಿನಲ್ಲಿ "ನಿವೃತ್ತ" ಅನ್ನುವ ಪದ ಬೇಡ. ಕವರ್ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.